ಟೆಕ್ಸ್ಟ್ ಬ್ರೌಸರಿಗೆ ಮಡಿ ಬೇಡ

ಚಿತ್ರ, ಬಣ್ಣ, ವಿಡಿಯೊ ಯಾವುದರ ಗೋಜಿಗೂ ಹೋಗದೆ ಪುಟದ ಬರಹವನ್ನಷ್ಟೇ ಟರ್ಮಿನಲ್ಲಿನಲ್ಲಿ ಸಾಲುಸಾಲಾಗಿ ಇಳಿಸುವ ಬ್ರೌಸರಿಗೆ ಟೆಕ್ಸ್ಟ್ ಬ್ರೌಸರ್ ಎನ್ನುತ್ತಾರೆ. ಬಳಸುವವರು ಕಡಿಮೆ. ಆದರೆ ಅವರ ನಡುವೆ ಒಂದು ಮಾತು ವರ್ಷಗಳಿಂದ ಕದಲದೆ ನಿಂತಿದೆ: ಟೆಕ್ಸ್ಟ್ ಬ್ರೌಸರಿಗೆ ಜಾವಾಸ್ಕ್ರಿಪ್ಟ್, ಅಂದರೆ ಪುಟದ ಜೊತೆ ಬಂದು ಬ್ರೌಸರಿನೊಳಗೆ ಓಡುವ ಸ್ಕ್ರಿಪ್ಟುಗಳ ಭಾಷೆ, ಸೇರಿಸಬಾರದು, ಸೇರಿಸಿದರೆ ಅದು ಟೆಕ್ಸ್ಟ್ ಬ್ರೌಸರಾಗಿ ಉಳಿಯುವುದಿಲ್ಲ. ಸ್ಕ್ರಿಪ್ಟ್ ಇಲ್ಲದೆ ತೆರೆಯದ ಪುಟವಿದ್ದರೆ ತಪ್ಪು ಪುಟ ಮಾಡಿದವರದು, ತಿದ್ದಿಕೊಳ್ಳಬೇಕಾದವರೂ ಅವರೇ. ಹಗುರ, ವೇಗ, ಭದ್ರತೆ, ಓದಿನ ಏಕಾಗ್ರತೆ, ಹೀಗೆ ಹಲವು ಒಳ್ಳೆಯ ಹೆಸರುಗಳಲ್ಲಿ ಈ ಮಾತನ್ನು ಆಡುತ್ತಾರೆ. ಆಡುವವರಲ್ಲಿ ನಾನು ಗೌರವಿಸುವ ಎಂಜಿನಿಯರುಗಳೇ ಹೆಚ್ಚು. ಆದರೂ ಈ ನಿಲುವು ತಪ್ಪು ಎಂಬುದೇ ನನ್ನ ವಾದ. ಇದೊಂದು ಬಗೆಯ ಮಡಿ. ಮಡಿ ಉಟ್ಟವರಿಗೆ ಅದರಿಂದ ತೊಂದರೆಯಿಲ್ಲ, ಬಾಗಿಲಾಚೆ ನಿಲ್ಲಬೇಕಾದವರು ಬೇರೆಯವರು.

ಯಾರು ನಿಲ್ಲುತ್ತಾರೆ ಎಂಬುದನ್ನು ಕಾಣಲು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಿಂದಲೇ ಶುರುಮಾಡಬಹುದು. ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿನ ಊರು. 1932ರಲ್ಲಿ ಇಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ ಅವರ ಹೆಸರಿನ ಮೊದಲ ಅಕ್ಷರವೇ ಈ ಊರಿನದು. ಅವರು ಮುಖ್ಯಮಂತ್ರಿಯಾಗಿದ್ದ 1999–2004ರ ಅವಧಿಯಲ್ಲೇ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಹಬ್ಬಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದವು. 15 ರೂಪಾಯಿ ಕೊಟ್ಟರೆ ಕಿಯೋಸ್ಕಿನ ಕಿಟಕಿಯಲ್ಲಿ ಪಹಣಿ ಕೈಗೆ ಸಿಗುತ್ತಿತ್ತು. ರೈತ ತನ್ನ ಜಮೀನಿನ ದಾಖಲೆಗಾಗಿ ಇನ್ನೊಬ್ಬರ ಮರ್ಜಿ ಕಾಯುವುದು ತಪ್ಪಬೇಕು ಎಂಬುದು ಆ ಯೋಜನೆಯ ಜೀವ. ಮುಂದೆ ಪಹಣಿ ಅಂತರ್ಜಾಲಕ್ಕೂ ಬಂತು. ಈಗ ಮನೆಯಲ್ಲೇ ಕೂತು ನೋಡಬಹುದು.

ಹೇಗೆ ನೋಡುತ್ತೇವೆ? ಮೊದಲು ಜಿಲ್ಲೆ ಆರಿಸಬೇಕು: ಮಂಡ್ಯ. ಆಗ ಎರಡನೆಯ ಪೆಟ್ಟಿಗೆಯಲ್ಲಿ ಮಂಡ್ಯದ ತಾಲ್ಲೂಕುಗಳು ತುಂಬಿಕೊಳ್ಳುತ್ತವೆ. ಮದ್ದೂರು ಆರಿಸಿದರೆ ಮೂರನೆಯದರಲ್ಲಿ ಹೋಬಳಿಗಳು. ಹೋಬಳಿ ಆರಿಸಿದರೆ ಗ್ರಾಮಗಳು, ಅದರಲ್ಲಿ ಸೋಮನಹಳ್ಳಿ. ಆಮೇಲೆ ಸರ್ವೆ ನಂಬರ್, ಹಿಸ್ಸಾ. ಪ್ರತಿ ಪೆಟ್ಟಿಗೆಯ ಪಟ್ಟಿಯೂ ಅದರ ಹಿಂದಿನ ಆಯ್ಕೆಯಿಂದ ಹುಟ್ಟುತ್ತದೆ. ಇದು ಪುಟ ಮಾಡಿದವರ ಶೋಕಿಯಲ್ಲ. ಕರ್ನಾಟಕದಲ್ಲಿ 29 ಸಾವಿರಕ್ಕೂ ಹೆಚ್ಚು ಗ್ರಾಮಗಳಿವೆ. ಅಷ್ಟನ್ನೂ ಒಂದೇ ಪಟ್ಟಿಯಲ್ಲಿ ಸುರಿದರೆ ಹುಡುಕುವವರು ಸೋತುಹೋಗುತ್ತಾರೆ. ಊರಿನ ಹೆಸರನ್ನು ಬರೆಯಿರಿ ಎಂದರೂ ಆಗದು. ಸೋಮನಹಳ್ಳಿ ಎಂಬ ಊರು ಒಂದೇ ಅಲ್ಲ, ಬೆಂಗಳೂರಿನ ಕನಕಪುರ ರಸ್ತೆಯಲ್ಲೂ ಒಂದಿದೆ. ಜಿಲ್ಲೆ, ತಾಲ್ಲೂಕು, ಹೋಬಳಿಯ ಸರಪಳಿ ಹಿಡಿದು ಇಳಿದರೇ ಸರಿಯಾದ ಸೋಮನಹಳ್ಳಿ ಸಿಗುವುದು.

ಈ ಬಗೆಯ ಸರಪಳಿ ಪುಟವನ್ನು ಸ್ಕ್ರಿಪ್ಟ್ ಓಡಿಸದ ಬ್ರೌಸರಿನಲ್ಲಿ ತೆರೆದರೆ ಆಗುವುದನ್ನು ಹತ್ತಿರದಿಂದ ನೋಡೋಣ. ಜಿಲ್ಲೆಯ ಪೆಟ್ಟಿಗೆಯ ಮೇಲೆ ಎಂಟರ್ ಒತ್ತಿದರೆ ಪಟ್ಟಿ ತೆರೆಯುತ್ತದೆ. ಬಾಣದ ಕೀಲಿಯಿಂದ ಕೆಳಗಿಳಿದು ಮಂಡ್ಯ ಆರಿಸಬಹುದು. ಪೆಟ್ಟಿಗೆಯಲ್ಲಿ ಮಂಡ್ಯ ಎಂದು ಬೀಳುತ್ತದೆ ಕೂಡ. ತಾಲ್ಲೂಕಿನ ಪೆಟ್ಟಿಗೆಗೆ ಇಳಿದರೆ ಅದು ಖಾಲಿ. ಮತ್ತೆ ಮೇಲೆ ಹೋಗಿ ಆರಿಸಿದರೂ ಖಾಲಿ. ಏನು ತಪ್ಪಾಯಿತು ಎಂದು ಬ್ರೌಸರ್ ಹೇಳುವುದಿಲ್ಲ, ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ದಾರಿ ಅಲ್ಲಿಗೇ ಮುಗಿಯಿತು.

ಅಲ್ಲಿ ಕೊರತೆಯಾದದ್ದು ಎಷ್ಟು ಚಿಕ್ಕದು ಎಂಬುದೇ ನನ್ನನ್ನು ಕಾಡುವ ಸಂಗತಿ. ನಮ್ಮ ಸರ್ಕಾರಿ ಪುಟಗಳಲ್ಲಿ ಬಹಳಷ್ಟು ವಿಳಾಸಗಳು .ಎಎಸ್‌ಪಿಎಕ್ಸ್ ಎಂದು ಕೊನೆಗೊಳ್ಳುತ್ತವೆ. ಅಂದರೆ 2002ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಬರೆದವು. ಈ ತಂತ್ರಜ್ಞಾನದಲ್ಲಿ ಪೆಟ್ಟಿಗೆಯ ಆಯ್ಕೆ ಬದಲಾದಾಗ ‘ಡು ಪೋಸ್ಟ್‌ಬ್ಯಾಕ್’ ಎಂಬ ಫಂಕ್ಷನ್ ಓಡುತ್ತದೆ. ಅದು ಮಾಡುವ ಕೆಲಸ ಎರಡೇ. ಯಾವ ಪೆಟ್ಟಿಗೆ ಬದಲಾಯಿತು ಎಂಬುದನ್ನು ಕಣ್ಣಿಗೆ ಕಾಣದ ಒಂದು ಫೀಲ್ಡಿನಲ್ಲಿ ಬರೆಯುತ್ತದೆ, ಫಾರ್ಮನ್ನು ಸರ್ವರಿಗೆ ಕಳಿಸುತ್ತದೆ. ಕೆಲವೇ ಸಾಲುಗಳ ಸ್ಕ್ರಿಪ್ಟ್. ಚಿತ್ರ ಬಿಡಿಸುವುದಿಲ್ಲ, ಜಾಹೀರಾತು ತರುವುದಿಲ್ಲ, ಯಾರ ಬೆನ್ನೂ ಹತ್ತುವುದಿಲ್ಲ. ಫಾರ್ಮ್ ಕಳಿಸುವ ವಿದ್ಯೆ ಟೆಕ್ಸ್ಟ್ ಬ್ರೌಸರಿಗೆ ಹುಟ್ಟಿನಿಂದಲೇ ಗೊತ್ತು. ‘ಈಗ ಕಳಿಸು’ ಎಂದು ಹೇಳುವ ಆ ಕೆಲವು ಸಾಲನ್ನು ಕೇಳಿಸಿಕೊಳ್ಳಲು ಮಾತ್ರ ಅದು ಒಪ್ಪಿಲ್ಲ. ಸ್ಕ್ರಿಪ್ಟ್ ಎಂದೊಡನೆ ಹತ್ತಾರು ಎಂಬಿ ತೂಕದ ಪುಟಗಳನ್ನೇ ನೆನೆಯುವವರು ಈ ಸಣ್ಣ ಸ್ಕ್ರಿಪ್ಟನ್ನು ಮರೆಯುತ್ತಾರೆ. ಒಬ್ಬ ನಾಗರಿಕನ ದಾರಿಗೆ ಅಡ್ಡ ನಿಲ್ಲುವುದು ಬಹಳ ಸಲ ಈ ಸಣ್ಣದೇ.

ಟೆಕ್ಸ್ಟ್ ಬ್ರೌಸರಿನಲ್ಲಿ ಪಹಣಿ ನೋಡುವವರು ಯಾರಿದ್ದಾರೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಊರಿನವರು ಬಹುಪಾಲು ಮೊಬೈಲಿನಲ್ಲಿ ನೋಡುತ್ತಾರೆ, ಇಲ್ಲವೇ ಗ್ರಾಮ ಒನ್ ಕೇಂದ್ರಕ್ಕೋ ಸೈಬರ್ ಸೆಂಟರಿಗೋ ಹೋಗುತ್ತಾರೆ. ದೃಷ್ಟಿಯಿಲ್ಲದವರಲ್ಲೂ ಬಹಳ ಮಂದಿ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುತ್ತಾರೆ, ಫೋನಿನಲ್ಲಿ ಟಾಕ್‌ಬ್ಯಾಕ್ ಅಥವಾ ವಿಂಡೋಸ್‌ನಲ್ಲಿ ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಶುರುಮಾಡಿದ ಎನ್‌ವಿಡಿಎ ಬೆಲೆಯಿಲ್ಲದೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದು ಮಾಡಿರುವ ಉಪಕಾರ ದೊಡ್ಡದು. ಆದರೆ ಎಲ್ಲರ ಬಳಿಯೂ ಕ್ರೋಮ್ ಅಥವಾ ಫೈರ್‌ಫಾಕ್ಸ್ ಹೊರಬಲ್ಲ ಯಂತ್ರ ಇರುವುದಿಲ್ಲ. 1 ಜಿಬಿ ಮೆಮೊರಿಯ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಕೊಂಡು, ಬ್ರೈಲ್ ಫಲಕದಲ್ಲೋ ಧ್ವನಿಯಲ್ಲೋ ಕಮಾಂಡ್ ಲೈನ್ ಕೆಲಸ ಮಾಡುವ ಅಂಧ ಪ್ರೋಗ್ರಾಮರ್‌ಗಳಿದ್ದಾರೆ. ಅವರಿಗೆ ಟರ್ಮಿನಲ್ ಅಂದಚಂದದ ಆಯ್ಕೆಯಲ್ಲ, ಅವರ ಕೆಲಸದ ಮನೆ. ಸಾಲು, ಕ್ರಮ, ಶಾಂತಿ ಎಲ್ಲ ಅಲ್ಲೇ ಅವರಿಗೆ ಸಿಗುವುದು. ಅಲ್ಲಿಂದ ಎದ್ದುಬಂದರೆ ಮಾತ್ರ ನಿಮ್ಮ ಪಹಣಿ ಎನ್ನುವುದು ಯಾವ ನ್ಯಾಯ?

ಸ್ಕ್ರಿಪ್ಟ್ ಬೇಡ ಎನ್ನುವವರು ಅಂಧರ ಹೆಸರನ್ನೇ ಮುಂದೆ ಹಿಡಿಯುವುದೂ ಉಂಟು: ಸ್ಕ್ರಿಪ್ಟ್ ಇಲ್ಲದ ಪುಟವೇ ಎಲ್ಲರಿಗೂ ಎಟಕುವ ಪುಟ, ಮಾನದಂಡಗಳೂ ಅದನ್ನೇ ಹೇಳುತ್ತವೆ ಎಂದು. ಹೇಳುತ್ತಿದ್ದವು ಎನ್ನುವುದು ಸರಿ. ಪುಟಗಳು ಎಲ್ಲರಿಗೂ ಎಟಕಲೆಂದು ಮಾಡಿದ ಡಬ್ಲ್ಯುಸಿಎಜಿ ಮಾನದಂಡದ 1999ರ ಮೊದಲ ಆವೃತ್ತಿಯಲ್ಲಿ ಸ್ಕ್ರಿಪ್ಟನ್ನು ನಿಲ್ಲಿಸಿದರೂ ಪುಟ ಬಳಸಲು ಬರಬೇಕು ಎಂಬ ನಿಯಮ ಮೊದಲ ಆದ್ಯತೆಯ ಸಾಲಿನಲ್ಲೇ ಇತ್ತು. 2008ರ ಡಿಸೆಂಬರಿನಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಆ ನಿಯಮ ಇಲ್ಲ. ಅದು ಕೇಳುವುದು ಬೇರೆ: ಪ್ರತಿ ಗುಂಡಿಗೂ ಪೆಟ್ಟಿಗೆಗೂ ಹೆಸರಿರಬೇಕು, ಅದು ಏನು, ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಓದುವ ತಂತ್ರಾಂಶಕ್ಕೆ ತಿಳಿಯಬೇಕು. ನಮ್ಮ ಕೇಂದ್ರ ಸರ್ಕಾರದ ಜಾಲತಾಣ ಮಾರ್ಗಸೂಚಿಯ 2023ರ ಆವೃತ್ತಿಯೂ ಇದೇ ದಾರಿ ಹಿಡಿದಿದೆ. ಅಂಧರ ಬಳಕೆಯೂ ಅಷ್ಟರಲ್ಲಿ ಬದಲಾಗಿತ್ತು. 2012ರಲ್ಲಿ ವೆಬ್‌ಏಮ್ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರನ್ನು ಕೇಳಿ ನೋಡಿದಾಗ ನೂರಕ್ಕೆ 98ಕ್ಕೂ ಹೆಚ್ಚು ಮಂದಿಯ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡುತ್ತಿತ್ತು. ಯಾರ ಪರವಾಗಿ ಮಡಿ ಕಾಯುತ್ತಿದ್ದೇವೆ ಎನ್ನುತ್ತೇವೋ ಅವರು ಎಂದೋ ಸ್ಕ್ರಿಪ್ಟಿನ ಜೊತೆ ಬಾಳುವುದನ್ನು ಕಲಿತಿದ್ದಾರೆ. ಅವರಿಗೆ ಬೇಕಾದದ್ದು ಸ್ಕ್ರಿಪ್ಟ್ ಇಲ್ಲದ ಜಗತ್ತಲ್ಲ, ಸ್ಕ್ರಿಪ್ಟ್ ಮಾಡಿದ್ದನ್ನು ತಮಗೂ ಹೇಳುವ ಸಾಧನ.

ಇದರ ಜೊತೆಗೆ ಹಳೆಯ ಕಾಲದ ಹಂಬಲವೂ ಇದೆ. ತೊಂಬತ್ತರ ದಶಕದ ವೆಬ್ ಶುದ್ಧವಾಗಿತ್ತು, ಬರಹವೇ ಪ್ರಧಾನವಾಗಿತ್ತು, ಅದಕ್ಕೆ ಮರಳೋಣ ಎನ್ನುವ ಮಾತು. ಇಂಗ್ಲಿಷ್ ಓದುಗರಿಗೆ ಅದು ನಿಜವಿರಬಹುದು. ಕನ್ನಡಿಗರಿಗೆ ಅಂಥ ಸುವರ್ಣ ಕಾಲ ಇರಲೇ ಇಲ್ಲ. ಆಗಿನ ಕನ್ನಡ ಪುಟಗಳೆಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಹೊದಿಸಿದ ಫಾಂಟುಗಳು, ಇಲ್ಲವೇ ಬರಹವನ್ನೇ ಚಿತ್ರ ಮಾಡಿ ಹಾಕಿದ ಪುಟಗಳು. ಅವನ್ನು ಟೆಕ್ಸ್ಟ್ ಬ್ರೌಸರಿನಲ್ಲಿ ತೆರೆದರೆ ಒಂದರಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ, ಇನ್ನೊಂದರಲ್ಲಿ ಏನೂ ಇಲ್ಲ. ಕನ್ನಡ ಯುನಿಕೋಡ್ ಸಾಮಾನ್ಯರ ಕಂಪ್ಯೂಟರಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟಿನ ಜೊತೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಓದಲು ಬರುವ, ಹುಡುಕಲು ಬರುವ, ಕೇಳಲು ಬರುವ ಕನ್ನಡ ಬರಹ ವೆಬ್ಬಿನಲ್ಲಿ ಬೆಳೆದದ್ದು ಆ ಮೇಲೆಯೇ, ಅಂದರೆ ಸ್ಕ್ರಿಪ್ಟ್ ಎಲ್ಲೆಡೆ ಹಬ್ಬಿದ ಕಾಲದಲ್ಲೇ. ನಮ್ಮದಲ್ಲದ ಬಾಲ್ಯಕ್ಕೆ ಮರಳುವ ಆಸೆಯನ್ನು ನಾವು ಎರವಲು ತರಬೇಕಿಲ್ಲ.

ಕನ್ನಡದ ವಿಷಯ ಬಂದಾಗ ಇನ್ನೊಂದನ್ನೂ ಹೇಳಬೇಕು, ತುಸು ದಾರಿ ಬಿಟ್ಟು ಹೋದರೂ ಸರಿ. ಟರ್ಮಿನಲ್ ಎಂದರೆ ಒಂದೇ ಅಳತೆಯ ಮನೆಗಳ ಜಾಲರಿ, ಮನೆಗೊಂದು ಅಕ್ಷರ. ಕನ್ನಡದ ಒತ್ತು, ಗುಣಿತ, ಅರ್ಕಾವತ್ತು ಈ ಮನೆಗಳಲ್ಲಿ ಕೂರುವುದಿಲ್ಲ. ಲಿನಕ್ಸಿನ ಬರಿಯ ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಅಕ್ಷರಗಳನ್ನು ಕೂಡಿಸಿ ಬರೆಯುವ ವ್ಯವಸ್ಥೆಯೇ ಇಲ್ಲ. ಅಲ್ಲಿ ಕಣ್ಣಿನಿಂದ ಕನ್ನಡ ಓದುವುದು ಆಗದ ಮಾತು. ಆದರೆ ಕಿವಿಯಿಂದ ಓದುವವರಿಗೆ ಈ ತೊಡಕಿಲ್ಲ. ಇಸ್ಪೀಕ್‌ನಂಥ ಧ್ವನಿ ತಂತ್ರಾಂಶಕ್ಕೆ ಬೇಕಾದದ್ದು ಯುನಿಕೋಡ್ ಅಕ್ಷರಗಳ ಸಾಲು ಮಾತ್ರ, ಅದು ಪರದೆಯ ಮೇಲೆ ಹೇಗೆ ಕಂಡಿತು ಎಂಬುದಲ್ಲ. ಹಾಗಾಗಿ ಕನ್ನಡದ ಮಟ್ಟಿಗೆ ಟೆಕ್ಸ್ಟ್ ಬ್ರೌಸರಿನ ಮೊದಲ ಹಕ್ಕುದಾರರು ಕಪ್ಪು ಪರದೆಯ ಸೊಬಗನ್ನು ಮೆಚ್ಚುವ ನಾವಲ್ಲ, ಅದನ್ನು ನೋಡದವರು. ಅದರಲ್ಲಿ ಏನಿರಬೇಕು ಎಂಬ ತೀರ್ಮಾನವೂ ಅವರಿಂದಲೇ ಬರಬೇಕು.

ಅವರಲ್ಲೊಬ್ಬರ ತೀರ್ಮಾನ ನಮ್ಮ ಮುಂದೆಯೇ ಇದೆ. ಕಾರ್ಲ್ ಡಾಲ್ಕೆ ಅಮೆರಿಕದ ಅಂಧ ಪ್ರೋಗ್ರಾಮರ್. ಯುನಿಕ್ಸಿನ ‘ಎಡ್’ ಎಂಬ ಸಾಲು ಸಂಪಾದಕದ ಮಾದರಿಯಲ್ಲಿ ಅವರು ಎಡ್‌ಬ್ರೌಸ್ ಕಟ್ಟಿದರು, ಮೊದಲು ಪರ್ಲ್‌ನಲ್ಲಿ, ಆಮೇಲೆ ಸಿ ಭಾಷೆಯಲ್ಲಿ. ಅದರಷ್ಟು ಕಟ್ಟುನಿಟ್ಟಾದ ಟೆಕ್ಸ್ಟ್ ಬ್ರೌಸರ್ ಇನ್ನೊಂದಿಲ್ಲ. ಅಲ್ಲಿ ಪರದೆ ಎಂಬ ಕಲ್ಪನೆಯೇ ಇಲ್ಲ, ಕೇಳಿದಾಗ ಕೇಳಿದ ಸಾಲನ್ನು ಕೊಡುತ್ತದೆ, ಕೇಳದಿದ್ದರೆ ಸುಮ್ಮನಿರುತ್ತದೆ. ಲಿಂಕುಗಳು ಪುಷ್ಪಾವರಣದೊಳಗೆ, ತುಂಬಬೇಕಾದ ಜಾಗಗಳು ಕೋನಾವರಣದೊಳಗೆ ಬರುತ್ತವೆ. ಪೆಟ್ಟಿಗೆ ತುಂಬಲು ‘ಐ’ ಅಕ್ಷರ ಒತ್ತಿ ಸಮಚಿಹ್ನೆ ಹಾಕಿ ಮಂಡ್ಯ ಎಂದು ಬರೆದರೆ ಆಯಿತು. ಶುದ್ಧತೆ ಎಂದರೆ ಇದೇ ಎನ್ನಬಹುದಾದ ಈ ಬ್ರೌಸರಿಗೆ ಡಾಲ್ಕೆ ಮತ್ತು ಜೊತೆಗಾರರು ಜಾವಾಸ್ಕ್ರಿಪ್ಟ್ ಸೇರಿಸಿದರು. ಅದನ್ನು ಓಡಿಸಲು ಸ್ಪೈಡರ್‌ಮಂಕಿ ಎಂಬ ಎಂಜಿನ್ ಬಳಸಿ ನೋಡಿದರು, ಅದನ್ನು ಬಿಟ್ಟು ಡಕ್‌ಟೇಪ್ ಹಿಡಿದರು, ಅದನ್ನೂ ಬಿಟ್ಟು ಕ್ವಿಕ್‌ಜೆಎಸ್‌ಗೆ ಬಂದರು. ವರ್ಷಗಟ್ಟಲೆ ಪಟ್ಟ ಪಾಡು. ಕಣ್ಣಿರುವ ಮಡಿವಂತರು ಬೇಡ ಎಂದದ್ದಕ್ಕೆ ಕಣ್ಣಿಲ್ಲದವರು ಇಷ್ಟು ದುಡಿದಿದ್ದಾರೆ ಎಂದ ಮೇಲೆ ಅದರ ಅಗತ್ಯ ಇತ್ತೋ ಇಲ್ಲವೋ ಎಂಬ ಚರ್ಚೆ ನನ್ನ ಮಟ್ಟಿಗೆ ಮುಗಿಯಿತು.

ಎಡ್‌ಬ್ರೌಸ್ ಒಂದು ಕಠಿಣ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಬಹಳ ಮೆಚ್ಚುಗೆ. ಸ್ಕ್ರಿಪ್ಟ್ ಎಂದರೆ ಪುಟ ಓದುತ್ತಿರುವಾಗಲೇ ಬದಲಾಗುವುದು. ಕಣ್ಣಿರುವವರು ಓರೆನೋಟದಲ್ಲೇ ಅದನ್ನು ಹಿಡಿಯುತ್ತಾರೆ. ಸಾಲಿನಿಂದ ಸಾಲಿಗೆ ಕೇಳುತ್ತ ಹೋಗುವವರಿಗೆ ಹಿಂದಿನ ಸಾಲು ಬದಲಾದದ್ದು ಹೇಗೆ ತಿಳಿಯಬೇಕು? ಎಡ್‌ಬ್ರೌಸ್ ಅದನ್ನು ಮಾತಿನಲ್ಲಿ ಹೇಳುತ್ತದೆ: ಇಷ್ಟನೆಯ ಸಾಲು ಬದಲಾಗಿದೆ, ಇಂಥ ಸಾಲಿನಿಂದ ಇಂಥ ಸಾಲಿನವರೆಗೆ ಹೊಸದಾಗಿ ಸೇರಿದೆ ಎಂದು. ಜಿಲ್ಲೆ ಆರಿಸಿದ ಕೂಡಲೇ ತಾಲ್ಲೂಕಿನ ಪಟ್ಟಿ ಬದಲಾಯಿತು ಎಂದು ಒಂದು ಸಾಲಿನಲ್ಲಿ ಕೇಳಿದರೆ ಓದುಗನಿಗೆ ತಾನೆಲ್ಲಿದ್ದೇನೆ, ಮುಂದೇನು ಎಂಬುದು ಖಚಿತ. ಸ್ಕ್ರಿಪ್ಟ್ ಬಂದರೆ ಟೆಕ್ಸ್ಟ್ ಬ್ರೌಸರಿನ ಸರಳತೆ ಹೋಗುತ್ತದೆ ಎನ್ನುವವರು ಇದನ್ನು ನೋಡಬೇಕು. ದೊಡ್ಡ ಬ್ರೌಸರುಗಳಲ್ಲೂ ಇಷ್ಟು ಸ್ಪಷ್ಟವಾಗಿ ಬದಲಾವಣೆಯನ್ನು ತಿಳಿಸುವ ಪುಟಗಳು ಅಪರೂಪ.

ವಿರೋಧಿಗಳ ಬಳಿ ಗಟ್ಟಿಯಾದ ಒಂದು ಸಾಕ್ಷಿ ಇದೆ, ಅದನ್ನು ಮುಚ್ಚಿಡಬಾರದು. ಅದು ಲಿಂಕ್ಸ್ ಎಂಬ ಟೆಕ್ಸ್ಟ್ ಬ್ರೌಸರಿನದು. ಇಲ್ಲಿ ಹೆಸರಿನ ಗೊಂದಲ ಬೇಡ: ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ 1992ರಲ್ಲಿ ಹುಟ್ಟಿದ ಲಿಂಕ್ಸ್ ಬೇರೆ, 1999ರಲ್ಲಿ ಪ್ರಾಗ್ ನಗರದಲ್ಲಿ ಮಿಕುಲಾಶ್ ಪಾಟೋಚ್ಕ ಶುರುಮಾಡಿದ ಲಿಂಕ್ಸ್ ಬೇರೆ. ಪ್ರಾಗ್‌ನ ಲಿಂಕ್ಸ್‌ಗೆ ಒಂದು ಕಾಲದಲ್ಲಿ ಸ್ವಂತ ಜಾವಾಸ್ಕ್ರಿಪ್ಟ್ ಇತ್ತು. 2.1ರ ಪೂರ್ವ ಆವೃತ್ತಿಗಳು ಬರುತ್ತಿದ್ದಾಗ ಅದನ್ನು ಕಿತ್ತುಹಾಕಿದರು. ನೋಡಿ, ಸೇರಿಸಿದವರೇ ತೆಗೆದರು, ಇದು ಆಗದ ಕೆಲಸ ಎಂದು ಇದನ್ನು ತೋರಿಸುತ್ತಾರೆ. ನಾನು ಅದರಿಂದ ಕಲಿಯುವುದು ಬೇರೆ. ಎಂಜಿನ್ನನ್ನೂ ತಾವೇ ಬರೆದು, ಬದಲಾಗುತ್ತಲೇ ಇರುವ ಭಾಷೆಯ ಹಿಂದೆ ಓಡುವುದು ಸಣ್ಣ ತಂಡಕ್ಕೆ ಆಗದ ಕೆಲಸ, ಅಷ್ಟೆ. ಅಂದಿನ ಪರಿಸ್ಥಿತಿ ಇಂದಿಲ್ಲ. 2019ರಲ್ಲಿ ಫಾಬ್ರಿಸ್ ಬೆಲ್ಲಾರ್ ಬಿಡುಗಡೆ ಮಾಡಿದ ಕ್ವಿಕ್‌ಜೆಎಸ್ ಇಡೀ ಭಾಷೆಯನ್ನು ಕೆಲವು ನೂರು ಕಿಲೋಬೈಟುಗಳಲ್ಲಿ ಹಿಡಿದಿಡುತ್ತದೆ, ಯಾರು ಬೇಕಾದರೂ ತಮ್ಮ ತಂತ್ರಾಂಶದೊಳಗೆ ಸೇರಿಸಿಕೊಳ್ಳಬಹುದು. ಪ್ರಾಗ್‌ನ ಲಿಂಕ್ಸ್‌ನಿಂದಲೇ ಕವಲೊಡೆದ ಇಲಿಂಕ್ಸ್ ಇಂದು ಅದನ್ನೂ ಸೇರಿಸಿ ಒಂದಕ್ಕಿಂತ ಹೆಚ್ಚು ಎಂಜಿನ್ನುಗಳನ್ನು ಒಪ್ಪುತ್ತದೆ. ಹಗುರತನ ಹೋಗುತ್ತದೆ ಎಂಬ ದೂರಿಗೆ ಉತ್ತರ ಇಲ್ಲಿಯೇ ಸಿಕ್ಕಿತು.

ಎಂಜಿನ್ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದಲ್ಲ. ಭಾರ ಇರುವುದು ಡಾಮ್‌ನಲ್ಲಿ, ಅಂದರೆ ಪುಟದ ಒಳರಚನೆಯನ್ನು ಸ್ಕ್ರಿಪ್ಟಿನ ಕೈಗೆ ಕೊಡುವ ವ್ಯವಸ್ಥೆಯಲ್ಲಿ. ಸ್ಕ್ರಿಪ್ಟುಗಳು ಕೇಳುವ ಪ್ರಶ್ನೆಗಳೂ ವಿಚಿತ್ರ: ಈ ಪೆಟ್ಟಿಗೆ ಎಷ್ಟು ಪಿಕ್ಸೆಲ್ ಅಗಲ, ಈ ಭಾಗ ಪರದೆಯ ಮೇಲೆ ಈಗ ಕಾಣುತ್ತಿದೆಯೇ, ಮೌಸ್ ಎಲ್ಲಿದೆ? ಪಿಕ್ಸೆಲ್ಲೇ ಇಲ್ಲದ ಬ್ರೌಸರ್ ಇದಕ್ಕೆ ಏನು ಹೇಳಬೇಕು? ಅಕ್ಷರದ ಮನೆಗಳನ್ನೇ ಪಿಕ್ಸೆಲ್ಲಿಗೆ ಗುಣಿಸಿ ಒಂದು ಉತ್ತರ ಕೊಡಬೇಕಾಗುತ್ತದೆ, ಇಲ್ಲವೇ ಎಲ್ಲವೂ ಕಾಣುತ್ತಿದೆ ಎಂದುಬಿಡಬೇಕಾಗುತ್ತದೆ. ಕೆಲವು ಪುಟ ಅದನ್ನು ನಂಬಿ ಮುಂದೆ ಹೋಗುತ್ತವೆ, ಕೆಲವು ಕೈಕೊಡುತ್ತವೆ. ಈ ಕಾರಣಕ್ಕೆ ಎಲ್ಲ ಪುಟವೂ ಟೆಕ್ಸ್ಟ್ ಬ್ರೌಸರಿನಲ್ಲಿ ತೆರೆಯುವ ದಿನ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ನಕ್ಷೆ ಎಳೆದಾಡುವ, ಆಟವಾಡುವ ಪುಟಗಳು ನಮ್ಮ ಗುರಿಯಲ್ಲ. ಫಾರ್ಮ್ ತುಂಬುವ, ಪಟ್ಟಿ ಆರಿಸುವ, ಬರಹ ತರಿಸುವ ಪುಟಗಳು ತೆರೆದರೆ ನಾಗರಿಕನ ಬಹುಪಾಲು ಕೆಲಸ ಆಯಿತು. ಹೆಡ್‌ಲೆಸ್, ಅಂದರೆ ಕಿಟಕಿ ತೆರೆಯದೆ ಓಡುವ ಫೈರ್‌ಫಾಕ್ಸನ್ನು ಒಳಗಿಟ್ಟುಕೊಂಡ 2018ರ ಬ್ರೌಶ್‌ನಂಥ ದಾರಿಯೂ ಇದೆ, ಆದರೆ ದೊಡ್ಡ ಬ್ರೌಸರನ್ನೇ ಹೊರಬೇಕಾದರೆ ಹಳೆಯ ಯಂತ್ರದವರಿಗೆ ಅದರಿಂದ ಪ್ರಯೋಜನವಿಲ್ಲ, ದೂರದ ಸರ್ವರಿನಲ್ಲಿ ಓಡಿಸಿಕೊಳ್ಳಬಲ್ಲವರಿಗಷ್ಟೇ ಅದು.

ಭದ್ರತೆಯ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ಅಪರಿಚಿತ ಸರ್ವರಿನಿಂದ ಬಂದ ಪ್ರೋಗ್ರಾಮನ್ನು ನಮ್ಮ ಯಂತ್ರದಲ್ಲಿ ಓಡಿಸುವುದು ಅಪಾಯವೇ. ಆದರೆ ಈ ಬಗ್ಗೆ ಮಡಿವಂತರ ಪಾಳಯದಲ್ಲೇ ಒಂದು ಸಂಗತಿ ಇದೆ, ಅದನ್ನು ಅವರು ಪೂರ್ತಿ ಯೋಚಿಸಿದಂತಿಲ್ಲ. ಇಲಿಂಕ್ಸ್‌ನಲ್ಲಿ ಬಳಕೆದಾರ ತಾನೇ ಲುವಾ, ಪರ್ಲ್, ರೂಬಿ ಭಾಷೆಗಳಲ್ಲಿ ಸ್ಕ್ರಿಪ್ಟ್ ಬರೆದು ಬ್ರೌಸರಿನ ನಡತೆಯನ್ನು ಬದಲಾಯಿಸಬಹುದು. ಪುಟ ಪರದೆಗೆ ಬರುವ ಮೊದಲೇ ಅದರೊಳಗೆ ಕೈಹಾಕಿ ಬೇಡದ್ದನ್ನು ತೆಗೆಯಬಹುದು. ಇದನ್ನು ಯಾರೂ ವಿರೋಧಿಸಿದ್ದನ್ನು ಕಾಣೆ, ಬದಲಿಗೆ ಟೆಕ್ಸ್ಟ್ ಬ್ರೌಸರಿನ ಶಕ್ತಿ ಎಂದು ಕೊಂಡಾಡುತ್ತಾರೆ. ಹಾಗಾದರೆ ತಕರಾರು ಸ್ಕ್ರಿಪ್ಟಿನ ಮೇಲಲ್ಲ, ಹತೋಟಿಯ ಮೇಲೆ. ಯಾರ ಸ್ಕ್ರಿಪ್ಟ್, ಯಾರ ಅಪ್ಪಣೆಯಿಂದ ಓಡುತ್ತದೆ ಎಂಬುದೇ ಪ್ರಶ್ನೆ. ಆ ಪ್ರಶ್ನೆಗೆ ‘ಯಾವುದೂ ಬೇಡ’ ಎಂಬುದು ಸೋಮಾರಿ ಉತ್ತರ. ಚವಾನ್ ಎಂಬ ಹೊಸ ಟೆಕ್ಸ್ಟ್ ಬ್ರೌಸರ್ ಕೊಟ್ಟ ಉತ್ತರ ನೋಡಿ: ಸ್ಕ್ರಿಪ್ಟ್ ತಾನಾಗಿ ಓಡುವುದಿಲ್ಲ, ಯಾವ ತಾಣಕ್ಕೆ ಅಪ್ಪಣೆ ಎಂಬುದನ್ನು ಬಳಕೆದಾರ ಬರೆದಿಡುತ್ತಾನೆ, ಒಂದೊಂದು ಪುಟವೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ ಕಟ್ಟುಪಾಡಿನೊಳಗೆ ಓಡುತ್ತದೆ. ಎಡ್‌ಬ್ರೌಸ್‌ನಲ್ಲೂ ಒಂದು ಚಿಕ್ಕ ಆಜ್ಞೆಯಿಂದ ಸ್ಕ್ರಿಪ್ಟನ್ನು ಆರಿಸಬಹುದು, ಹಚ್ಚಬಹುದು. ಪಹಣಿಯ ತಾಣಕ್ಕೆ ಅಪ್ಪಣೆ, ಉಳಿದದ್ದಕ್ಕೆ ಇಲ್ಲ ಎನ್ನುವ ಅಧಿಕಾರ ಓದುಗನ ಕೈಯಲ್ಲಿದ್ದರೆ, ದೊಡ್ಡ ಬ್ರೌಸರ್ ಬಳಸುವವನಿಗಿಂತ ಅವನೇ ಹೆಚ್ಚು ಸುರಕ್ಷಿತ.

ಹಳೆಯವರು ಹೊಸದಕ್ಕೆ ವಿರೋಧಿಗಳಾಗಿದ್ದರು ಎಂದುಕೊಳ್ಳುವುದೂ ಸರಿಯಲ್ಲ. ಕನ್ಸಾಸ್‌ನ ಲಿಂಕ್ಸ್ ಬರೆದವರಲ್ಲಿ ಒಬ್ಬರಾದ ಲೂ ಮಾಂಟುಲ್ಲಿ 1994ರಲ್ಲಿ ನೆಟ್‌ಸ್ಕೇಪ್ ಸೇರಿ ಕುಕಿಯನ್ನು ಕಂಡುಹಿಡಿದರು. 1995ರಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದದ್ದೂ ಅದೇ ಕಂಪನಿಯಲ್ಲಿ. ಕನ್ಸಾಸ್‌ನ ಲಿಂಕ್ಸ್ ಆಮೇಲೆ ಕುಕಿಯನ್ನು ಒಪ್ಪಿಕೊಂಡಿತು. ಪ್ರತಿ ಕುಕಿಗೂ ‘ತೆಗೆದುಕೊಳ್ಳಲೇ’ ಎಂದು ಕೇಳಿ ಒಪ್ಪಿಕೊಂಡಿತು. ಜನರ ಹಿಂದೆ ಬಿದ್ದು ಗುರುತು ಕಲೆಹಾಕಲು ಬಳಕೆಯಾದ ಕುಕಿಯನ್ನೇ ಶರತ್ತಿನ ಮೇಲೆ ಒಳಗೆ ಬಿಟ್ಟವರು ಫಾರ್ಮ್ ಕಳಿಸುವ ನಾಲ್ಕು ಸಾಲಿಗೆ ಅದೇ ಶರತ್ತನ್ನು ಯಾಕೆ ಹಾಕಬಾರ‍ದು?

ಉಳಿದದ್ದು ಪುಟ ಮಾಡಿದವರೇ ತಿದ್ದಲಿ ಎಂಬ ವಾದ. ತಿದ್ದಬೇಕು, ನಿಜ. ಸರಪಳಿಯ ಪ್ರತಿ ಪೆಟ್ಟಿಗೆಯ ಪಕ್ಕ ‘ಮುಂದೆ’ ಎಂಬ ಸಾದಾ ಗುಂಡಿ ಇಟ್ಟರೆ ಸ್ಕ್ರಿಪ್ಟ್ ಇಲ್ಲದವರಿಗೂ ದಾರಿ ಸಿಗುತ್ತದೆ, ಅದರ ಖರ್ಚು ಬಹಳವೇನಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಯಿಲ್ಲದವರು ಇ-ಕೆವೈಸಿಯಲ್ಲಿ ಪಡುವ ಪಾಡಿನ ಬಗ್ಗೆ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಎಟಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದೆ. ಆ ತೀರ್ಪನ್ನು ಹಿಡಿದು ಇಲಾಖೆಗಳನ್ನು ಕೇಳುತ್ತಲೇ ಇರಬೇಕು. ಆದರೆ ಒಂದು ಪುಟವನ್ನು ತಿದ್ದಲು ಅರ್ಜಿ, ಟೆಂಡರ್, ಅನುಮೋದನೆ ಎಂದು ವರ್ಷಗಳು ಹಿಡಿಯುತ್ತವೆ. ಅಂಥ ಪುಟಗಳು ಸಾವಿರಾರು. ಅಷ್ಟೂ ತಿದ್ದುವವರೆಗೆ ಕಾಯಿರಿ ಎಂದು ಹೇಳಲು ನಮಗೆ ಯಾವ ಅಧಿಕಾರ? ಬ್ರೌಸರನ್ನು ಒಂದು ಸಲ ತಿದ್ದಿದರೆ ಅದೇ ಬಗೆಯ ಪುಟಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ಬ್ರೌಸರ್ ನಮ್ಮ ಕೈಯಲ್ಲಿದೆ, ಪುಟ ಇಲ್ಲ. ಇಷ್ಟು ಸರಳ ಲೆಕ್ಕವನ್ನು ತತ್ವದ ಹೆಸರಿನಲ್ಲಿ ಬದಿಗಿಡುವುದನ್ನು ನಾನು ಒಪ್ಪಲಾರೆ.

ಸ್ಕ್ರಿಪ್ಟ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುತ್ತಿಲ್ಲ. ಅಕ್ಷರಗಳನ್ನು ತಿರುಚಿದ ಕ್ಯಾಪ್ಚಾ ಚಿತ್ರದ ಮುಂದೆ ಯಾವ ಎಂಜಿನ್ನೂ ಕೆಲಸಕ್ಕೆ ಬಾರದು, ಅದನ್ನು ತೆಗೆಸಬೇಕಾದದ್ದು ಹೋರಾಟದಿಂದಲೇ. ಲೇಬಲ್ ಇಲ್ಲದ ಪೆಟ್ಟಿಗೆಗೆ ಸ್ಕ್ರಿಪ್ಟ್ ಹೆಸರು ಕೊಡುವುದಿಲ್ಲ. ಈಚೆಗೆ ಬಾಟ್‌ಗಳ ಕಾಟ ತಡೆಯಲು ಸಾದಾ ಬರಹದ ಪುಟಗಳೂ ‘ಜಾವಾಸ್ಕ್ರಿಪ್ಟ್ ಮತ್ತು ಕುಕಿ ಸಕ್ರಿಯಗೊಳಿಸಿ’ ಎಂದು ಬಾಗಿಲಲ್ಲೇ ತಡೆಯುತ್ತಿವೆ. ಅಂಥ ತಪಾಸಣೆಗಳಲ್ಲಿ ಕೆಲವನ್ನು ಸಣ್ಣ ಎಂಜಿನ್ ದಾಟಲಾರದು. ಆದರೆ ಸ್ಕ್ರಿಪ್ಟನ್ನೇ ಓಡಿಸದ ಬ್ರೌಸರಿಗೆ ಆ ಬಾಗಿಲಲ್ಲಿ ಪ್ರಯತ್ನಿಸುವ ಅವಕಾಶವೂ ಇಲ್ಲ. ವರ್ಷ ಕಳೆದಂತೆ ಅದಕ್ಕೆ ತೆರೆಯುವ ಪುಟಗಳು ಕಡಿಮೆಯಾಗುತ್ತಲೇ ಹೋಗುತ್ತವೆ. ಬಳಸಲು ಬಾರದ ಸಾಧನ ಎಷ್ಟು ಶುದ್ಧವಾಗಿದ್ದು ಏನು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬೆಂಗಳೂರು, ಮೈಸೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಹೋದ ಹುಡುಗ ಹುಡುಗಿಯರು ಇಂದು ಸಾಕಷ್ಟು ಮಂದಿ ಇದ್ದೀರಿ. ಸಿ ಭಾಷೆ, ಡಾಮ್, ಜಾವಾಸ್ಕ್ರಿಪ್ಟ್ ನಿಮಗೆ ದಿನದ ಕೆಲಸ. ಎಡ್‌ಬ್ರೌಸ್, ಇಲಿಂಕ್ಸ್, ಚವಾನ್ ಮೂರರ ಮೂಲ ಕೋಡೂ ಎಲ್ಲರಿಗೂ ತೆರೆದಿದೆ. ಒಂದು ಭಾನುವಾರ ಇವುಗಳಲ್ಲಿ ಒಂದನ್ನು ಹಾಕಿಕೊಳ್ಳಿ. ನಿಮ್ಮ ಊರಿನ ಪಹಣಿ, ಪಡಿತರ ಚೀಟಿ, ಪಿಂಚಣಿಯ ಪುಟಗಳನ್ನು ತೆರೆದು ನೋಡಿ. ಯಾವ ಪೆಟ್ಟಿಗೆಯ ಹತ್ತಿರ ನಿಂತಿತು, ಯಾವ ಫಂಕ್ಷನ್ ಸಿಗಲಿಲ್ಲ, ಎಂಜಿನ್ ಯಾವ ದೋಷ ಕೊಟ್ಟಿತು ಎಂಬುದನ್ನು ಬರೆದು ಅದನ್ನು ನೋಡಿಕೊಳ್ಳುವವರಿಗೆ ಕಳಿಸಿ, ಕೈಲಾದರೆ ತಿದ್ದುಪಡಿಯನ್ನೇ ಕಳಿಸಿ. ಕನ್ನಡದ ಸರ್ಕಾರಿ ಪುಟಗಳು ಹೇಗಿರುತ್ತವೆ ಎಂಬುದು ದೂರದ ದೇಶದಲ್ಲಿ ಕೂತು ಈ ಬ್ರೌಸರುಗಳನ್ನು ಕಟ್ಟುವವರಿಗೆ ತಿಳಿಯುವ ದಾರಿಯಿಲ್ಲ, ನಿಮಗೆ ಇದೆ.